ಮೂರು ಎಣಿಸುವಷ್ಟು ಹೊತ್ತು

ಬೆಂಗಳೂರು
೧೪-೪-೧೯೬೨

ಪ್ರೀತಿಯ ಮಂಗಳಕ್ಕನಿಗೆ ಬಕ್ಕೇಶನ ನಮಸ್ಕಾರಗಳು.

ನಾವು ಆರು ಜನವೂ ಕ್ಷೇಮ. ಸಿತಾರಿನ ಒಂದು ತಂತಿ ರೈಲಿನಲ್ಲಿ ಹರಿದದ್ದು ಬಿಟ್ಟರೆ ವಾದ್ಯಗಳೂ ಕ್ಷೇಮ. ನಿನ್ನೆ ರಾಮನವಮಿಯ ಚಪ್ಪರದಲ್ಲಿ ಹೊಸ ರಚನೆಗಳಿಗೆಂದೇ ಒಂದು ಸಂಜೆ ಮೀಸಲಿಟ್ಟಿದ್ದರು. ನಮ್ಮ ವಾದ್ಯವೃಂದಕ್ಕೆ ಮುಕ್ಕಾಲು ಗಂಟೆ ಸಿಕ್ಕಿತು. ಕೊನೆಗೆ ‘ಹೊಳೆಯ ನೀರು’ ನುಡಿಸಿದೆವು. ಜನ ಮೈಮರೆತು ಕೇಳಿದರು. ಒಬ್ಬ ಹಿರಿಯ ವಿದ್ವಾಂಸರಂತೂ ವೇದಿಕೆಯ ಹಿಂದೆ ಬಂದು, "ಈ ವಯಸ್ಸಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತಪ್ಪ" ಎಂದು ಕೇಳಿದರು.

ಅದು ಯಾವ ಹಾಡಿನ ಮೇಲೆ ಕಟ್ಟಿದ್ದು ಎಂದು ನಿನಗೆ ಹೇಳಬೇಕಿಲ್ಲ. ಅಮ್ಮ ತೀರಿಕೊಂಡ ವರ್ಷ ನಾನು ದಾವಣಗೆರೆಯಿಂದ ನಿನ್ನ ಮನೆಗೆ ಬಂದಾಗ ನನಗೆ ಎಂಟು ವರ್ಷ. ಒಲೆಯ ಮುಂದೆ ಕೂತು ನೀನು ಗುನುಗುತ್ತಿದ್ದೆಯಲ್ಲ, ‘ಕೆರಿಯ ನೀರು ಕುಡಿದೋಳೆ, ಹೊಳಿಯ ನೀರು ಹೆಂಗೈತೆ’ ಎಂದು, ಅದೇ. ಎರಡನೆಯ ಸಾಲಿನ ಕೊನೆಗೆ ಹಾಡು ಇದ್ದಕ್ಕಿದ್ದಂತೆ ನಿಂತು, ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಶುರುವಾಗುತ್ತದೆ. ಇಡೀ ರಚನೆ ನಿಂತಿರುವುದು ಆ ನಿಲುಗಡೆಯ ಮೇಲೆಯೇ. ವೇದಿಕೆಯಲ್ಲಿ ನಾನೇ ಎದ್ದು, ಇದು ಹರಿಹರದ ಬಳಿಯ ಸಾರಥಿ ಊರಿನ ಕರಿಯವ್ವ ಎಂಬುವರು ಹಾಡುವ, ತಲೆಮಾರುಗಳಿಂದ ಬಂದ ಹಾಡು ಎಂದು ಹೇಳಿದೆ. ನಿನಗೆ ಕಲಿಸಿದವಳ ಹೆಸರು ಬೆಂಗಳೂರಿನ ಧ್ವನಿವರ್ಧಕದಲ್ಲಿ ಕೇಳಿಬಂತು.

ಇನ್ನು ಮೈಸೂರು, ಹುಬ್ಬಳ್ಳಿ, ಧಾರವಾಡ. ಜೂನ್ ಮೂರಕ್ಕೆ ನಮ್ಮ ದಾವಣಗೆರೆಯಲ್ಲೇ ಸಂಗೀತೋತ್ಸವ. ಅದರ ಬೆನ್ನಿಗೇ ಶಿವಮೊಗ್ಗ. ಬೇಸಿಗೆಯಿಡೀ ಕಾಲಿಗೆ ಚಕ್ರ. ಮೈಸೂರಿನ ವಿಳಾಸ ಹಿಂದೆ ಬರೆದಿದ್ದೇನೆ.

ನಿನ್ನ ತಮ್ಮ
ಬಕ್ಕೇಶ

ಹರಿಹರ
೧೯-೪-೧೯೬೨

ಚಿರಂಜೀವಿ ಬಕ್ಕೇಶನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಅದಕ್ಕೂ ಒಂದು ದಿನ ಮೊದಲೇ ನಿಮ್ಮ ತಬಲದ ಪಾಲಯ್ಯನ ಕಾರ್ಡು ಇಲ್ಲೇ ಪಕ್ಕದ ಗುತ್ತೂರಿಗೆ, ಅವನ ಮನೆಗೆ ಬಂದಿತ್ತು. ಕಾರ್ಖಾನೆಗೆ ರಜೆ ಹಾಕಿ ನಿನ್ನ ಹಿಂದೆ ಬಂದವನು, ಹೆಂಡತಿಗೆ ಸುಳ್ಳು ಬರೆಯಲಾರ. ‘ಹೊಳೆಯ ನೀರು’ ಶುರುವಾಗುತ್ತಲೇ ಅರ್ಧ ಚಪ್ಪರ ಕಾಫಿಗೆ ಎದ್ದು ಹೋಯಿತಂತೆ. ಆ ವಿದ್ವಾಂಸರು ಧೈರ್ಯದ ಮಾತು ಆಡಿದ್ದು ಹೊಗಳಿಕೆಗಲ್ಲವಂತೆ. ಅವಳು ಸಂತೆಯಲ್ಲಿ ಸಿಕ್ಕು ಇದನ್ನೆಲ್ಲ ಹೇಳಿದಳು. ನನ್ನ ಹತ್ತಿರವೂ ಮೀಸೆ ತಿರುವಬೇಕೇನಪ್ಪ? ನೀನು ಸೈಕಲ್ಲಿನಿಂದ ಬಿದ್ದು ಬಂದಾಗಲೆಲ್ಲ ಮೊಣಕೈಗೆ ಅರಿಶಿಣ ಮೆತ್ತಿದವಳು ನಾನು.

ಎದ್ದು ಹೋದವರು ಹೋಗಲಿ. ಕೂತವರಿಗೆ ನುಡಿಸು.

ಒಂದು ಮಾತು. ಕರಿಯವ್ವನ ಹೆಸರನ್ನು ಎಲ್ಲ ಕಡೆ ಹೇಳಬೇಕೆಂದೇನೂ ಇಲ್ಲ. ನಮ್ಮ ಕಡೆಯ ಒಂದು ಹಾಡು ಎಂದರೆ ಸಾಲದೇ? ಅವಳಿಗೆ ಎಪ್ಪತ್ತು ದಾಟಿತು. ಈಗಲೂ ಬೆಳಿಗ್ಗೆ ಮೊಸರಿನ ಗಡಿಗೆ ಹೊತ್ತು ನಮ್ಮ ಮನೆಗೆ ಬರುತ್ತಾಳೆ, ಅತ್ತೆಯವರ ಜೊತೆ ಜಗಳವಾಡುತ್ತಾಳೆ, ಹೋಗುತ್ತಾಳೆ. ಅವಳ ಪಾಡಿಗೆ ಅವಳಿರಲಿ.

ನಿಮ್ಮ ಭಾವನವರು ಹತ್ತಿಯ ಲಾರಿಗಳ ಹಿಂದೆ ಓಡಾಡುತ್ತಿದ್ದಾರೆ. ಅತ್ತೆಯವರಿಗೆ ಮೊಣಕಾಲು ನೋವು, ನಾಲಿಗೆ ಆರೋಗ್ಯವಾಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

ಮೈಸೂರು
೨-೫-೧೯೬೨

ಪ್ರೀತಿಯ ಮಂಗಳಕ್ಕನಿಗೆ,

ಪಾಲಯ್ಯನನ್ನು ಇನ್ನು ಮೇಲೆ ಅಂಚೆ ಕಚೇರಿಯ ದಿಕ್ಕಿಗೆ ಬಿಡುವುದಿಲ್ಲ. ಹೌದು, ಜನ ಎದ್ದು ಹೋದರು. ಬರೆಯಲು ಮನಸ್ಸಾಗಲಿಲ್ಲ.

ಆದರೆ ಇಲ್ಲಿ ನಡೆದದ್ದು ಅಪ್ಪಟ ನಿಜ. ಪಾಲಯ್ಯನ ಹೆಂಡತಿಯನ್ನೇ ಕೇಳಿ ನೋಡು. ಮೂರು ದಿನದ ಹೊಸ ಸಂಗೀತದ ಗೋಷ್ಠಿಯಲ್ಲಿ ನಮ್ಮದು ಎರಡನೆಯ ಸಂಜೆ. ನಿಲುಗಡೆ ಬಂದಾಗ ಸಭೆಯಲ್ಲಿ ಬೀಸಣಿಗೆಗಳೂ ನಿಂತವು. ಮುಗಿದ ಮೇಲೆ ಇನ್ನೊಮ್ಮೆ ನುಡಿಸಿರೆಂದು ಕೂಗಿದರು. ನಾನು ಮತ್ತೆ ಹಾರ್ಮೋನಿಯಂಗೆ ಕೈ ಹಾಕಿದೆ. ಅಷ್ಟು ಖುಷಿ ನನಗೆ ಈ ಜನ್ಮದಲ್ಲಿ ಆಗಿರಲಿಲ್ಲ.

ಮಾರನೆಯ ದಿನ ಒಬ್ಬ ಪ್ರೊಫೆಸರರು ಆ ನಿಲುಗಡೆಯೊಂದರ ಮೇಲೆಯೇ ಇಪ್ಪತ್ತು ನಿಮಿಷ ಮಾತಾಡಿದರು. ಹೊಳೆಯ ಪೂಜೆಯಲ್ಲಿ ನೀರಿಗೆ ಇಳಿಯುವ ಹೆಂಗಸು ಉಸಿರು ಹಿಡಿದು ಮುಳುಗಿ ಏಳುವ ಗಳಿಗೆಯಂತೆ ಅದು. ಸಾವಿರ ವರ್ಷವಾದರೂ ಹಳೆಯದಿರಬೇಕಂತೆ. ಮುಳುಗಿ ಏಳಲು ಮೂರು ಎಣಿಕೆ ಸಾಲದು ಎಂದರು. ಆದ್ದರಿಂದ ನಾನು ಅದನ್ನು ಐದಕ್ಕೆ ಎಳೆದಿದ್ದೇನೆ. ಗಂಭೀರವಾಗಿ ಕೇಳಿಸುತ್ತದೆ.

ಗೋಷ್ಠಿಯವರು ಕರಿಯವ್ವನಿಗೆ ಒಂದು ಶಾಲು ಕೊಟ್ಟಿದ್ದಾರೆ. ನಿನ್ನ ವಿಳಾಸಕ್ಕೆ ಪಾರ್ಸೆಲ್ ಹಾಕಿದ್ದೇನೆ. ನೀನೇ ಅವಳಿಗೆ ಹೊದಿಸು.

ಅಕ್ಕ, ಬೇಜಾರು ಮಾಡಿಕೊಳ್ಳಬೇಡ, ನಿನ್ನ ಕಾಗದದ ಒಂದು ಮಾತು ನನಗೆ ಹಿಡಿಸಲಿಲ್ಲ. ಅವಳ ಹೆಸರು ಏಕೆ ಹೇಳಬಾರದು? ಮೊಸರು ಮಾರುವವಳ ಹೆಸರನ್ನು ಸಭೆಯಲ್ಲಿ ಹೇಳಿದರೆ ನಮ್ಮ ವರ್ತಕರ ಮನೆತನಕ್ಕೆ ಕೊರತೆಯೇ? ಅತ್ತೆಯವರು ಹಾಗೆ ಅಂದಿದ್ದರೆ ನನಗೆ ಆಶ್ಚರ್ಯವಿಲ್ಲ. ನಿನ್ನಿಂದ ಅದು ಬಂದದ್ದಕ್ಕೆ ನೋವಾಯಿತು. ಒಬ್ಬರ ಹಾಡನ್ನು ಎತ್ತಿಕೊಂಡು ಅವರ ಹೆಸರು ನುಂಗುವವನು ನಾನಲ್ಲ.

ನಿನ್ನ
ಬಕ್ಕೇಶ

ಹರಿಹರ
೯-೫-೧೯೬೨

ಚಿ. ಬಕ್ಕೇಶನಿಗೆ,

ಶಾಲು ಬಂತು. ಜರಿಯ ಅಂಚಿನದು, ಹಸಿರು. ಈ ಬಿಸಿಲಿನಲ್ಲಿ ನೋಡಿದರೇ ಬೆವರುತ್ತದೆ.

ಬೆಳಿಗ್ಗೆ ಕರಿಯವ್ವ ಗಡಿಗೆ ಇಳಿಸಿ ಕೂತ ಮೇಲೆ ಅವಳ ಹೆಗಲಿಗೆ ಹೊದಿಸಿದೆ. ಮೈಸೂರಿನವರು ಕಳಿಸಿದ್ದಾರೆ, ನಿನ್ನ ಹಾಡು ಮೆಚ್ಚಿ ಎಂದೆ. ಅವಳು ಅಂಚನ್ನು ಮುಟ್ಟಿ ನೋಡಿ, "ನನ್ನ ಹಾಡಾ? ನಾನ್ಯಾವತ್ತು ಹಾಡಿದ್ನವ್ವಾ? ಜೋಳದ ಹೊಲದಾಗ ಗುಬ್ಬಿ ಓಡ್ಸಾಕ ಕೂಗೀನಿ, ಅಷ್ಟ ನೋಡು. ಮೈಸೂರಿನ ತನ ಕೇಳಿಸ್ತಾ ಅದು?" ಎಂದಳು. ಅತ್ತೆಯವರು ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ತಲೆ ಎತ್ತಲಿಲ್ಲ. ಕರಿಯವ್ವ ಹೋಗುವಾಗ ಶಾಲನ್ನು ಮಡಿಚಿ ನನ್ನ ಕೈಗೇ ಇಟ್ಟಳು. "ಯಾರದೋ ಏನೋ, ನನಗ ಬ್ಯಾಡ" ಎಂದಳು.

ವಯಸ್ಸಾಗಿದೆ, ಮರೆತಿರಬೇಕು. ಗಂಟಲೂ ಕಟ್ಟಿದೆ ಅವಳಿಗೆ. ಆದ್ದರಿಂದ ಅವಳ ವಿಷಯವನ್ನು ಇಲ್ಲಿಗೇ ಬಿಡು. ಉಳಿದದ್ದು ನೀನು ಬಂದಾಗ ಮಾತಾಡೋಣ.

ವರ್ತಕರ ಮನೆತನದ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ನೋವಾಯಿತು. ಉತ್ತರ ನನ್ನ ಹತ್ತಿರ ಇದೆ, ಇವತ್ತು ಬರೆಯಲು ಕೈ ಬರುತ್ತಿಲ್ಲ.

ಇನ್ನೊಮ್ಮೆ ನುಡಿಸಿರೆಂದು ಕೂಗಿದರೆಂದು ಓದಿ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಕೂತೇ ಇದ್ದೆ. ಆ ಸಂತೋಷ ಮಾತ್ರ ಕಲಬೆರಕೆಯಿಲ್ಲದ್ದು.

ಅಕ್ಕ

ಹುಬ್ಬಳ್ಳಿ
೧೭-೫-೧೯೬೨

ಪ್ರೀತಿಯ ಅಕ್ಕನಿಗೆ,

ಕರಿಯವ್ವನ ಗಂಟಲಿಗೆ ಜ್ಯೇಷ್ಠಮಧುವಿನ ಬೇರು, ಒಂದು ಸೀಸೆ ಜೇನುತುಪ್ಪ ಕಳಿಸಿದ್ದೇನೆ. ದಿನಕ್ಕೆ ಎರಡು ಸಲ ತಪ್ಪದೆ ಕೊಡು. ಹದಿನೈದು ದಿನದಲ್ಲಿ ಗಂಟಲು ಬಿಡಬೇಕು, ಏಕೆಂದರೆ ನಾನು ಒಂದು ವ್ಯವಸ್ಥೆ ಮಾಡಿದ್ದೇನೆ.

ದಾವಣಗೆರೆಯ ಉತ್ಸವದಲ್ಲಿ ಮೊದಲು ಕರಿಯವ್ವನೇ ವೇದಿಕೆಗೆ ಬರುತ್ತಾಳೆ. ಬರೀ ಎರಡು ಸಾಲು ಹಾಡಿದರೆ ಸಾಕು. ಅವಳು ನಿಲ್ಲಿಸಿದ ಕಡೆಯಿಂದ ವಾದ್ಯಗಳು ಎತ್ತಿಕೊಳ್ಳುತ್ತವೆ. ಮೈಸೂರಿನ ಪ್ರೊಫೆಸರರು ಅದನ್ನು ಕೇಳಲೆಂದೇ ಬರುತ್ತಾರೆ. ಅವಳ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿ ಕರಪತ್ರ ಅಚ್ಚಿಗೆ ಕೊಟ್ಟಾಗಿದೆ.

ಅವಳು ನಾಚಿಕೆಯಿಂದ ಇಲ್ಲವೆನ್ನುತ್ತಿದ್ದಾಳೆ, ನನಗೆ ಗೊತ್ತು. ಇಂಥವರು ತಮ್ಮದನ್ನು ತಮ್ಮದೆಂದು ಹೇಳಿಕೊಳ್ಳುವುದೇ ಇಲ್ಲ. ಅವಳನ್ನು ಒಪ್ಪಿಸುವ ಕೆಲಸ ನಿನ್ನದು. ಒಪ್ಪಿಸದಿದ್ದರೆ ನಾನು ಸಾರಥಿಗೇ ಹೋಗಿ ಅವಳ ಬಾಗಿಲಲ್ಲಿ ಕೂರುತ್ತೇನೆ.

ಇಲ್ಲಿ ನಿನ್ನೆ ನುಡಿಸಿದೆವು, ಚೆನ್ನಾಯಿತು. ಈಗ ಧಾರವಾಡಕ್ಕೆ ಹೊರಟಿದ್ದೇವೆ, ಅಲ್ಲಿಯ ಛತ್ರದ ವಿಳಾಸ ಹಿಂದೆ ಬರೆದಿದ್ದೇನೆ. ಈ ಬೇಸಿಗೆ ಮುಗಿಯುವುದೇ ಬೇಡ ಅನಿಸುತ್ತದೆ.

ಬಕ್ಕೇಶ

ಹರಿಹರ
೨೨-೫-೧೯೬೨

ಬಕ್ಕೇಶಾ,

ಜೇನುತುಪ್ಪವನ್ನು ಕರಿಯವ್ವ ಮೊಮ್ಮಗಳಿಗೆ ತಿನ್ನಿಸಿದಳು. ಅವಳ ಗಂಟಲಿಗೆ ಏನೂ ಆಗಿರಲಿಲ್ಲ. ಅದು ನಾನು ಹೇಳಿದ ಸುಳ್ಳು. ಹಿಂದೆ ಹೇಳಿದ ಸುಳ್ಳೊಂದನ್ನು ಕಾಯಲು ಹೇಳಿದ್ದು. ಆ ಹಿಂದಿನದಕ್ಕೆ ಹದಿನೇಳು ವರ್ಷವಾಯಿತು.

ಆ ಹಾಡು ನಾನು ಕಟ್ಟಿದ್ದು.

ಬರೆದಾಯಿತು. ಇನ್ನು ಉಳಿದದ್ದು ಬರೆಯುವುದು ಕಷ್ಟವಿಲ್ಲ. ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ನಮ್ಮ ದಾವಣಗೆರೆಯ ಮನೆಯಲ್ಲಿ ಅಡುಗೆಯವಳಿದ್ದಳು, ಅಮ್ಮ ಹಾಸಿಗೆ ಹಿಡಿದಿದ್ದಳು, ಕಲಿಸುವವರು ಯಾರು? ಇಲ್ಲಿ ದಿನಕ್ಕೆ ಮೂವತ್ತು ರೊಟ್ಟಿ. ತಟ್ಟುವುದು ಹೇಗೋ ಆಗುತ್ತಿತ್ತು, ಎತ್ತಿ ಹಂಚಿಗೆ ಹಾಕುವಾಗ ಹರಿದುಹೋಗುತ್ತಿತ್ತು. ಪಕ್ಕದಲ್ಲಿ ಅತ್ತೆಯವರು ಕೂತು ನೋಡುತ್ತಿದ್ದರು. ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅದಕ್ಕೆ ಕೈಗೆ ಒಂದು ಅಳತೆ ಸಿಗಲೆಂದು ಹಾಡಿಕೊಳ್ಳತೊಡಗಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ರೊಟ್ಟಿ ಅಗಲವಾಗಿರಬೇಕು. ಆಮೇಲೆ ಉಸಿರು ಹಿಡಿದು ಎರಡೂ ಅಂಗೈಯಲ್ಲಿ ಎತ್ತಬೇಕು, ಹಂಚಿಗೆ ಇಳಿಸಬೇಕು. ಮೂರು ಎಣಿಸುವಷ್ಟು ಹೊತ್ತು. ಬಾಯಿ ಬಿಟ್ಟರೆ ಕೈ ಅಲುಗುತ್ತದೆ. ಇಳಿದ ಮೇಲೆ ಮೂರನೆಯ ಸಾಲು, ನೀರು ಸವರುತ್ತಾ.

ನಿನ್ನ ಪ್ರೊಫೆಸರರ ಸಾವಿರ ವರ್ಷದ ನಿಲುಗಡೆ ಅದು.

ದಾವಣಗೆರೆಯಲ್ಲಿ ಕೆರೆಯ ನೀರು ಕುಡಿದವಳು ನಾನೇ. ಹರಿಹರಕ್ಕೆ, ಹೊಳೆಯ ನೀರಿಗೆ ಬಂದವಳೂ ನಾನೇ. ಸಾರಥಿಯಲ್ಲೇ ಹುಟ್ಟಿ ಸಾರಥಿಯಲ್ಲೇ ಮದುವೆಯಾದ ಕರಿಯವ್ವ ಅಂಥ ಹಾಡು ಯಾಕೆ ಹಾಡುತ್ತಾಳೆ? ಇಷ್ಟು ಊರು ತಿರುಗಿದೆ, ನಿನಗೂ ಹೊಳೆಯಲಿಲ್ಲ, ನಿನ್ನ ವಿದ್ವಾಂಸರಿಗೂ ಹೊಳೆಯಲಿಲ್ಲ.

ಒಂದು ದಿನ ಅತ್ತೆಯವರು, "ಯಾರದು ಈ ಹಾಡು?" ಎಂದು ಕೇಳಿದರು. ತಾನೇ ಹಾಡು ಕಟ್ಟುವ ಸೊಸೆ ಎಂದರೆ ನಾಟಕದ ಕಂಪನಿಯವಳ ಹಾಗೆ ಎಂದುಕೊಳ್ಳುತ್ತಾರೇನೋ ಎಂದು ಹೆದರಿದೆ. ಬಾಗಿಲಲ್ಲಿ ಕರಿಯವ್ವನ ಗಡಿಗೆ ಕಂಡಿತು. "ಕರಿಯವ್ವ ಹಾಡ್ತಾಳ್ರಿ" ಎಂದುಬಿಟ್ಟೆ. ನೀನು ಅಲ್ಲೇ ರೊಟ್ಟಿಗೆ ಕಾಯುತ್ತಾ ಕೂತಿದ್ದೆ. ಆ ಮಾತು ನಿನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಒಬ್ಬರ ಹೆಸರು ನುಂಗುವವನಲ್ಲ ಎಂದು ಬರೆದಿದ್ದೆ. ಹೌದಪ್ಪ, ನುಂಗಿದವಳು ನಾನು. ನುಂಗಿದ್ದು ನನ್ನದನ್ನೇ. ನೀನು ಬೆಂಗಳೂರಿನಲ್ಲಿ ಅವಳ ಹೆಸರು ಹೇಳಿದೆ ಎಂದು ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ಮೊಸರಿನ ಮುದುಕಿಯ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಿಂದ ಎರಡು ದಿನ ಅವಳ ಮುಖ ನೋಡಲಿಲ್ಲ.

ಅವಳು ಸಭೆಗೆ ಬಂದು ಹಾಡುವುದಿಲ್ಲ, ಅವಳಿಗೆ ಬರುವುದಿಲ್ಲ. ಕರಪತ್ರ ನಿಲ್ಲಿಸು. ಬೈಯುವುದಿದ್ದರೆ ಬೈದು ಬರೆ.

ಅಕ್ಕ

ಧಾರವಾಡ
೨೫-೫-೧೯೬೨

ಅಕ್ಕ, ನಿನ್ನಿಂದ ಕಾಗದವೇ ಇಲ್ಲ. ಕರಿಯವ್ವ ಒಪ್ಪಿದಳೇ? ಇಲ್ಲಿ ನಮ್ಮ ತಂಡ ಇಳಿದ ಛತ್ರದಲ್ಲಿ ನೀರಿಲ್ಲದೆ ಬೇರೆ ಕಡೆಗೆ ಬಂದಿದ್ದೇವೆ. ಕಾಗದ ಹಳೆಯ ವಿಳಾಸಕ್ಕೆ ಹೋಗಿರಬಹುದು. ಕರಪತ್ರ ಮುನ್ನೂರು ಪ್ರತಿ ಅಚ್ಚಾಗಿ ದಾವಣಗೆರೆಯಲ್ಲಿ ಸಿದ್ಧವಾಗಿದೆ. ನಾಳೆ ಹೊರಡುತ್ತೇವೆ. ಇನ್ನು ಮುಂದಿನದನ್ನು ದಾವಣಗೆರೆಯ ಮನೆಗೇ ಬರೆ. ಎಲ್ಲ ಚೆನ್ನಾಗಿದೆ. ಬಕ್ಕೇಶ.

ಹರಿಹರ
೩೦-೫-೧೯೬೨

ಬಕ್ಕೇಶಾ, ಧಾರವಾಡಕ್ಕೆ ಬರೆದ ಕಾಗದ ನಿನಗೆ ಸಿಕ್ಕಿಲ್ಲವೋ, ಸಿಕ್ಕಿ ಸುಮ್ಮನಿದ್ದೀಯೋ ತಿಳಿಯದು. ಕಾರ್ಡಿನಲ್ಲಿ ಬರೆಯುವ ವಿಷಯವಲ್ಲ, ಪೋಸ್ಟ್‌ಮ್ಯಾನ್ ಓದುತ್ತಾನೆ. ಕರಿಯವ್ವ ಹಾಡಲು ಬರುವುದಿಲ್ಲ, ಅಷ್ಟು ತಿಳಿದುಕೋ. ಸಭೆಯಲ್ಲಿ ನಿನ್ನ ಮುಖ ಕೆಡುವುದು ಬೇಡ. ನನ್ನಿಂದಾಗಿ ಅಂತೂ ಬೇಡವೇ ಬೇಡ. ಒಂದು ಸಾಲು ಬರೆ. ಅಕ್ಕ.

ದಾವಣಗೆರೆ
೧-೬-೧೯೬೨

ಅಕ್ಕ,

ಧಾರವಾಡದ ಛತ್ರದಿಂದ ತಿರುಗಿ ಬಂದ ನಿನ್ನ ಕಾಗದವೂ ಮೊನ್ನೆಯ ಕಾರ್ಡೂ ಇವತ್ತು ಒಟ್ಟಿಗೇ ಸಿಕ್ಕವು. ಪಾಲಯ್ಯ ಈಗಲೇ ಗುತ್ತೂರಿಗೆ ಹೋಗುತ್ತಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಂಚೆಯನ್ನು ನಂಬುವುದಿಲ್ಲ.

ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಾಲ್ಕು ಊರುಗಳಲ್ಲಿ ಎದ್ದು ನಿಂತು ಹೇಳಿದ್ದೇನೆ. ಪತ್ರಿಕೆಯಲ್ಲಿ ಬಂದಿದೆ. ಪ್ರೊಫೆಸರರು ನಾಳಿದ್ದು ಬರುತ್ತಾರೆ. ಒಂದು ಗಂಟೆ ಅಂಗಳದಲ್ಲಿ ಓಡಾಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅಡುಗೆಯ ಕೊಟ್ರವ್ವನಿಗೆ, ಒಂದು ರೊಟ್ಟಿ ತಟ್ಟು ಎಂದು ಹೇಳಿ ಎದುರಿಗೆ ಕೂತೆ. ಮನಸ್ಸಿನಲ್ಲೇ ಹಾಡಿಕೊಂಡೆ. ಎರಡನೆಯ ಸಾಲು ಮುಗಿಯಿತು, ಅವಳು ಎರಡೂ ಕೈಯಲ್ಲಿ ಎತ್ತಿದಳು, ಉಸಿರು ಹಿಡಿದಳು, ಹಂಚಿಗೆ ಇಳಿಸಿದಳು. "ಯಾಕಣ್ಣಾ, ಹಿಂಗ ನೋಡಾಕತ್ತೀಯ? ರೊಟ್ಟಿ ಕಂಡಿಲ್ಲೇನು?" ಎಂದಳು. ಕಂಡಿರಲಿಲ್ಲ. ಎಂಟನೆಯ ವಯಸ್ಸಿನಿಂದ ಒಲೆಯ ಮುಂದೆ ಕೂತು ತಿಂದಿದ್ದೇನೆ ಅಷ್ಟೇ.

ವರ್ತಕರ ಮನೆತನದ ಮಾತು ಬರೆದದ್ದಕ್ಕೆ ಕ್ಷಮಿಸು. ನಾನು ಯಾರೋ ಹಳೆಯ ಕಾಲದ ಹೆಂಗಸಿಗೆ ನ್ಯಾಯ ಕೊಡಿಸಲು ಊರೂರು ತಿರುಗಿದೆ. ಕಾಗದ ಬರೆದದ್ದು ಮಾತ್ರ ನಿನಗೆ.

ಈಗ ಕೇಳು. ನಾನು ತಪ್ಪು ಹೇಳಿದ್ದೆನೆಂದು ಸಭೆಯಲ್ಲಿ ಒಪ್ಪಿಕೊಳ್ಳುವುದು ಖಂಡಿತ. ಅದರಿಂದ ನನಗೆ ಆಗುವುದು ಆಗಲಿ. ಆದರೆ ಯಾರದು ಎಂದು ಹೇಳುವುದು ನಿನ್ನ ಕೈಯಲ್ಲಿದೆ. ನೀನು ಆ ಮನೆಯಲ್ಲಿ ಬಾಳಬೇಕಾದವಳು. ಬೇಡ ಎಂದರೆ, ಕಟ್ಟಿದವರು ಹೆಸರು ಹೇಳಲು ಒಪ್ಪಲಿಲ್ಲ ಎನ್ನುತ್ತೇನೆ. ಹೇಳು ಎಂದರೆ ಹೇಳುತ್ತೇನೆ. ಪಾಲಯ್ಯ ನಾಳೆ ಸಂಜೆ ತಿರುಗಿ ಬರುತ್ತಾನೆ.

ನಿನ್ನ ತಮ್ಮ
ಬಕ್ಕೇಶ

ಹರಿಹರ
೨-೬-೧೯೬೨

ಬಕ್ಕೇಶಾ,

ಹೇಳು.

ಶಾಲನ್ನು ಮತ್ತೆ ಕರಿಯವ್ವನಿಗೇ ಕೊಡುತ್ತೇನೆ, ಅವಳ ಹತ್ತಿರವೇ ಇರಲಿ. ಇಷ್ಟು ವರ್ಷ ನನ್ನ ಹಾಡಿನ ಭಾರ ಹೊತ್ತಿದ್ದಾಳೆ, ಅವಳಿಗೇ ಗೊತ್ತಿಲ್ಲದೆ.

ಅಕ್ಕ

ಹರಿಹರ
೬-೬-೧೯೬೨

ಚಿ. ಬಕ್ಕೇಶನಿಗೆ ಅನೇಕ ಆಶೀರ್ವಾದಗಳು.

ಭಾನುವಾರ ಸಭೆ ಮುಗಿದ ಮೇಲೆ ನಿನ್ನನ್ನು ಜನ ಮುತ್ತಿಕೊಂಡರು. ನಮಗೆ ಕೊನೆಯ ಬಸ್ಸು ತಪ್ಪುತ್ತಿತ್ತು, ಮಾತಾಡಲು ಆಗಲಿಲ್ಲ. ನೀನು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಹೊರಟೆಯಂತೆ. ಆದ್ದರಿಂದ ಅಲ್ಲಿಗೇ ಬರೆಯುತ್ತಿದ್ದೇನೆ.

ನಾನೊಬ್ಬಳೇ ಬರುವುದೆಂದು ಹೊರಟಿದ್ದೆ. ಅತ್ತೆಯವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಎಲ್ಲಿಗೆ?" ಎಂದರು. ಇನ್ನು ಮುಚ್ಚಿಡುವುದೇನಿದೆ, ಎಲ್ಲ ಹೇಳಿದೆ. ಅವರು ಎಣ್ಣೆಯ ಬಟ್ಟಲನ್ನು ಬದಿಗಿಟ್ಟು, "ಇಷ್ಟು ವರ್ಷದಾಗ ಆ ಕರಿಯವ್ವ ಹಾಡಿದ್ದು ನಾನೊಂದಿನಾನೂ ಕೇಳಿಲ್ಲ. ನೀ ಹಾಡಿದ್ದು ದಿನಾ ಕೇಳೀನಿ. ನನಗ ಗೊತ್ತಾಗಲ್ಲೇನು? ನೀನಾಗೇ ಹೇಳ್ತಿ ಅಂತ ಸುಮ್ನಿದ್ದೆ" ಎಂದರು. ನನಗೆ ಕಣ್ಣು ತುಂಬಿ ಬಂತು. ಅವರು ಅದನ್ನು ನೋಡದವರಂತೆ, "ಬಸ್ಸಿಗೆ ಹೊತ್ತಾತು, ಸೀರಿ ಬದ್ಲಿಸು" ಎಂದು ಎದ್ದರು. ಹದಿನೇಳು ವರ್ಷ ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಗುಟ್ಟನ್ನು ಕಾದಿದ್ದೇವೆ ನೋಡು.

ಕರಿಯವ್ವನೂ ಬಂದಳು, ಹಸಿರು ಶಾಲು ಹೊದ್ದುಕೊಂಡು, ಬೆವರು ಒರೆಸಿಕೊಳ್ಳುತ್ತಾ.

ಬಾಗಿಲಲ್ಲಿ ಕರಪತ್ರ ಕೊಟ್ಟರು. ಅಚ್ಚಿನ ಹೆಸರಿಗೆ ಗೆರೆ ಎಳೆದು ಪಕ್ಕದಲ್ಲಿ ಮಸಿಯಿಂದ ಸರ್ವಮಂಗಳಮ್ಮ, ಹರಿಹರ ಎಂದು ಬರೆದಿತ್ತು. ನನ್ನದರಲ್ಲಿ ಇದ್ದದ್ದು ನಿನ್ನ ಅಕ್ಷರ. ಅತ್ತೆಯವರದರಲ್ಲಿ ಪಾಲಯ್ಯನದಿರಬೇಕು, ಕಾಗೆ ಕಾಲು. ಮುನ್ನೂರನ್ನೂ ಆರು ಜನ ಕೂತು ತಿದ್ದಿದಿರಂತೆ. ನೀನು ಎದ್ದು ನಿಂತು, ನಾನು ಊರೂರಿನಲ್ಲಿ ತಪ್ಪು ಹೇಳಿಕೊಂಡು ಬಂದೆ, ಇದನ್ನು ಕಟ್ಟಿದವರು ನನ್ನ ಅಕ್ಕ, ಅಲ್ಲಿ ಕೂತಿದ್ದಾರೆ ಎಂದಾಗ ಸಭೆಯೆಲ್ಲ ನನ್ನ ಕಡೆ ತಿರುಗಿತು. ಓಡಿಹೋಗಬೇಕೆನಿಸಿತು. ಹೋಗಲಿಲ್ಲ. ನನಗೆ ಬಹಳ ಸಂತೋಷವಾಯಿತು ಬಕ್ಕೇಶಾ. ಇಷ್ಟು ಸಂತೋಷ ಬೇಕಿತ್ತೆಂದು ನನಗೇ ಗೊತ್ತಿರಲಿಲ್ಲ.

ನಿನ್ನ ಪ್ರೊಫೆಸರರು ಆಮೇಲೆ ಹುಡುಕಿಕೊಂಡು ಬಂದರು. ಮುಖ ಸಣ್ಣದಾಗಿತ್ತು. ನನ್ನ ಹತ್ತಿರ ಏನು ಕೇಳಬೇಕೆಂದು ತೋಚದೆ, ಇನ್ನೂ ಇಂಥವು ಇವೆಯೇ ಎಂದರು. ಇವೆ ಎಂದೆ. ಕಾಳು ಕೇರುವುದಕ್ಕೆ ಒಂದು, ಮೊಸರು ಕಡೆಯುವುದಕ್ಕೆ ಎರಡು. ನೀನು ಬಂದಾಗ ಹಾಡಿ ತೋರಿಸುತ್ತೇನೆ. ಇನ್ನು ಮೇಲೆ ಯಾರ ಹೆಸರನ್ನೂ ಎರವಲು ತರುವುದಿಲ್ಲ. ನಿಮ್ಮ ಭಾವನವರು ಆ ಕರಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿ ಮಂಡಿಯಲ್ಲಿ ಕಂಡಕಂಡವರಿಗೆ ತೋರಿಸುತ್ತಿದ್ದಾರೆ, ಮಡಿಕೆಯಲ್ಲಿ ಆಗಲೇ ಹರಿಯುತ್ತಿದೆ.

ಈಗ ಮುಖ್ಯ ವಿಷಯ. ನೀನು ಅಕ್ಕನೆಂದು ಮುಲಾಜು ನೋಡದೆ ನನ್ನ ತಪ್ಪನ್ನು ಬರೆದವನು. ನಾನೂ ನೋಡುವುದಿಲ್ಲ. ನಿಲುಗಡೆ ಬಂದಾಗ ನನ್ನ ಎರಡೂ ಕೈ ಮಡಿಲಿನಿಂದ ತಾವಾಗಿಯೇ ಮೇಲೆದ್ದವು. ಪಕ್ಕದಲ್ಲಿ ಅತ್ತೆಯವರದೂ ಎದ್ದಿದ್ದವು. ಎದ್ದ ಕೈ ಹಾಗೆಯೇ ನಿಂತಿತು, ನೀನು ಇಳಿಸಲೇ ಇಲ್ಲ. ಐದು ಎಣಿಸಿದೆ. ಅಷ್ಟು ಹೊತ್ತು ಎತ್ತಿ ಹಿಡಿದರೆ ರೊಟ್ಟಿ ಹರಿದುಹೋಗುತ್ತದೆ. ಶಿವಮೊಗ್ಗದಲ್ಲಿ ಮೂರಕ್ಕೇ ಇಳಿಸು.

ಸರ್ವಮಂಗಳಮ್ಮ